ಮೂವತ್ತೆಂಟು ನಿಮಿಷದ ತಂತಿ

ನಮ್ಮೂರಲ್ಲಿ ಯಾರ ಮನೆಗೆ ಹೋದರೂ ಬಾಗಿಲ ಪಕ್ಕದಲ್ಲಿ ಒಂದು ಕಪ್ಪು ತಗಡಿನ ಹಲಗೆ ಇರುತ್ತದೆ. ಅದರ ಮೇಲಿನ ಬಿಳಿ ಅಂಕಿಗಳೆಲ್ಲ ನನ್ನ ಕೈಬರಹ. ಆ ಮನೆಯಿಂದ ಯಾವ ಯಾವ ಮನೆಗೆ ಫೋನಿನ ಕೇಬಲ್ ಎಳೆದಿದೆ, ಒಂದೊಂದರಲ್ಲೂ ಮಾತು ಮುಟ್ಟಲು ಎಷ್ಟು ನಿಮಿಷ ಬೇಕು ಅನ್ನುವುದನ್ನು ಅಲ್ಲಿ ಬರೆದಿರುತ್ತೇನೆ. ಎದುರು ಮನೆಗೆ ನಾಲ್ಕು, ಹಿಂದಿನ ಬೀದಿಯ ಸೋದರಮಾವನಿಗೆ ಹನ್ನೊಂದು, ಹೀಗೆ. ಅಂಗಡಿಯಿಂದ ತಂದ ಕೇಬಲ್ ಸುರುಳಿಯಲ್ಲಿರುವ ತನಕ ಮುನ್ನೂರು ಮೀಟರ್ ಅಂದರೆ ಮುನ್ನೂರೇ. ನಮ್ಮೂರ ನೆಲದಲ್ಲಿ ಹೂತ ಮೇಲೆ ಅದು ಒಳಗೊಳಗೇ ಬೆಳೆಯುತ್ತದೆ. ಹುಟ್ಟಿದ ಕೂಸು ಬೆಳೆಯುತ್ತದೆ, ಹೂತ ಕೇಬಲ್ ಬೆಳೆಯುತ್ತದೆ, ಇದರಲ್ಲಿ ಕೇಳುವುದೇನಿದೆ ಅನ್ನುತ್ತಾರೆ ನಮ್ಮ ಜನ. ಹಾಗಾಗಿ ವರ್ಷಕ್ಕೊಮ್ಮೆ, ಮಳೆ ನಿಂತು ನೆಲ ಆರಿದ ಮೇಲೆ, ನಾನು ಕೇಬಲ್ ಅಳೆಯುವ ಯಂತ್ರ, ನೆಟ್‌ವರ್ಕ್ ಅನಲೈಜರನ್ನು ಹೆಗಲಿಗೆ ಹಾಕಿಕೊಂಡು ಮನೆಮನೆಗೂ ಹೋಗುತ್ತೇನೆ. ಅಳೆದು, ಹಳೇ ಅಂಕಿ ಒರೆಸಿ, ಹೊಸದು ಬರೆಯುತ್ತೇನೆ. ನನ್ನ ಹೆಸರು ಪದ್ಮಾಕ್ಷಿ. ಊರಿಗೆಲ್ಲ ನಾನು ಅಳತೆಯಕ್ಕ.

ಮಾತು ತಡವಾಗಿ ಮುಟ್ಟುತ್ತದೆಂದು ಯಾರೂ ಕೊರಗಿದ್ದನ್ನು ನಾನು ಕಂಡಿಲ್ಲ. ಸಾರಿಗೆ ಹುಳಿ ಎಷ್ಟು ಹಿಂಡಲಿ ಎಂದು ತವರಿಗೆ ಫೋನ್ ಮಾಡುವ ಹೊಸ ಸೊಸೆ ಬೇಳೆ ತೊಳೆಯುವ ಮೊದಲೇ ಕೇಳಿಬಿಡುತ್ತಾಳೆ. ಬೇಳೆ ಬೆಂದು ಮೆತ್ತಗಾಗುವ ಹೊತ್ತಿಗೆ ಗಂಟೆ ಬಾರಿಸಿ ಉತ್ತರ ಬರುತ್ತದೆ. ಬೆಳಿಗ್ಗೆ ಶುರುವಾದ ಜಗಳ ಸಂಜೆಗೆ ನಾಲ್ಕು ಮಾತಿಗಿಂತ ಮುಂದೆ ಹೋಗಿರುವುದಿಲ್ಲ, ಅಷ್ಟರಲ್ಲಿ ಅರ್ಧ ಜನಕ್ಕೆ ಸಿಟ್ಟಿನ ಕಾರಣವೇ ಮರೆತಿರುತ್ತದೆ. ಡಾಕ್ಟರು ಬೇಕಾದರೆ ಮಾತ್ರ ಫೋನ್ ಮುಟ್ಟುವುದಿಲ್ಲ, ಓಡುತ್ತೇವೆ. ಉಳಿದ ದೊಡ್ಡ ವಿಷಯಗಳನ್ನೆಲ್ಲ, ಹೆಣ್ಣು ಒಪ್ಪಿಗೆಯೋ ಇಲ್ಲವೋ, ಪಾಲು ಬೇಕೋ ಬೇಡವೋ, ಇವನ್ನೆಲ್ಲ ಫೋನಿನಲ್ಲೇ ಹೇಳಬೇಕು ಅನ್ನುವುದು ಇಲ್ಲಿನ ಕ್ರಮ. ಮುಖದೆದುರಿಗೆ ಹೇಳಿದರೆ ಒರಟುತನ ಎನ್ನುತ್ತಾರೆ.

ಅದಕ್ಕೆ ಕಾರಣ ಉಂಟು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುವ ಗಾದೆಯಲ್ಲಿ ನಮ್ಮೂರಿಗೆ ಮುತ್ತಿನ ಪಾಲು ಮಾತ್ರ ಒಪ್ಪುತ್ತದೆ. ಆಡಿದ ಮಾತು ಇನ್ನೂ ನೆಲದಡಿಯಲ್ಲಿ ಹರಿಯುತ್ತಿರುವಾಗ, ಆಡಿದವರಿಗೆ ತಪ್ಪಾಯಿತು ಅನಿಸಿದರೆ, ಎದ್ದು ಆ ಮನೆಗೆ ಓಡಬಹುದು. ಬೀದಿಯಲ್ಲಿ ಹಾಗೆ ಓಡುವವರನ್ನು ಯಾರೂ ತಡೆಯುವುದಿಲ್ಲ, ಏಕೆ ಎಂದು ಕೇಳುವುದಿಲ್ಲ, ಸೈಕಲ್ಲಿನವರು ಇಳಿದು ದಾರಿ ಬಿಡುತ್ತಾರೆ. ಮಾತಿಗಿಂತ ಮೊದಲು ಬಾಗಿಲಿಗೆ ಬಂದವರು "ನನ್ನದು ಬರ್ತಾ ಇದೆ" ಎಂದರೆ ಸಾಕು, ಮನೆಯವರು ಫೋನಿನಿಂದ ದೂರ ಸರಿಯುತ್ತಾರೆ. ಬಂದವರು ರಿಸೀವರಿನ ಮೇಲೆ ಅಂಗೈ ಒತ್ತಿ ನಿಲ್ಲುತ್ತಾರೆ. ಗಂಟೆ ಬಾರಿಸುತ್ತದೆ, ಯಾರೂ ಎತ್ತುವುದಿಲ್ಲ, ನಿಲ್ಲುತ್ತದೆ. ಮಾತು ಅಲ್ಲಿಗೆ ಹೋಯಿತು. ಅದು ಏನಿತ್ತು ಎಂದು ಮುಂದೆಂದೂ ಕೇಳುವಂತಿಲ್ಲ. ಒಂದು ಲೋಟ ನೀರು ಕೊಟ್ಟು ಕಳಿಸಬೇಕು, ಅಷ್ಟೆ. ಹಲಗೆಯ ಮೇಲಿನ ಅಂಕಿಯನ್ನು ಜನ ದೇವರ ಪಟಕ್ಕಿಂತ ಹೆಚ್ಚು ಸಲ ನೋಡುವುದು ಇದಕ್ಕೇ. ಓಡಲು ಎಷ್ಟು ಹೊತ್ತಿದೆ ಅನ್ನುವುದನ್ನು ತಿಳಿದುಕೊಂಡೇ ಇಲ್ಲಿ ಬಾಯಿ ಬಿಡುವುದು.

ಇನ್ನು ಅಳತೆಯ ವಿಷಯ. ಕೇಬಲ್ಲಿನ ಆ ತುದಿಯನ್ನು ಬಿಚ್ಚಿಡಿಸಿ, ಈ ತುದಿಯನ್ನು ಯಂತ್ರಕ್ಕೆ ಸಿಕ್ಕಿಸುತ್ತೇನೆ. ಯಂತ್ರ ಒಂದು ಸಂಕೇತವನ್ನು ಒಳಗೆ ಬಿಡುತ್ತದೆ. ಅದು ಕೊನೆ ಮುಟ್ಟಿ, ಮುಂದೆ ದಾರಿಯಿಲ್ಲದೆ, ಬಂದ ದಾರಿಯಲ್ಲೇ ತಿರುಗಿ ಬರುತ್ತದೆ. ಪರದೆಯ ಮೇಲೆ ಗೆರೆ ಮಟ್ಟಸವಾಗಿ ಸಾಗಿ ಸಾಗಿ ಒಂದೆಡೆ ಗುಡ್ಡದ ಹಾಗೆ ಏಳುತ್ತದೆ. ಅದೇ ತುದಿ. ನಡುವೆ ಸಣ್ಣ ಉಬ್ಬು ಕಂಡರೆ ಅಲ್ಲಿ ಎರಡು ಕೇಬಲ್ ಕೂಡಿಸಿದ ಜಾಯಿಂಟ್ ಇದೆ ಎಂದರ್ಥ. ಸಂಕೇತ ಹೋಗಿ ಬರುವ ಹೊತ್ತನ್ನು ಅರ್ಧ ಮಾಡಿದರೆ ಮಾತು ಮುಟ್ಟುವ ಹೊತ್ತು. ಅರ್ಧ ಮಾಡುವ ಕೆಲಸವನ್ನು ಯಂತ್ರವೇ ಮಾಡುತ್ತದೆ, ಅದರೊಳಗೆ "ಒಂದು ದಾರಿ", "ಎರಡು ದಾರಿ" ಎಂದು ಎರಡು ಆಯ್ಕೆಗಳಿವೆ, ನಾವು ಯಾವಾಗಲೂ ಒಂದು ದಾರಿಯಲ್ಲಿಡುತ್ತೇವೆ. ಕೇಬಲ್ಲಿನೊಳಗೆ ಸಂಕೇತ ಬೆಳಕಿನ ವೇಗದ ಮೂರರಲ್ಲಿ ಎರಡು ಪಾಲು ವೇಗದಲ್ಲಿ ಓಡುತ್ತದೆ. ಆ ಲೆಕ್ಕದಲ್ಲಿ ಉದ್ದವನ್ನೂ ಬರೆಯಬೇಕು. ಹತ್ತು ಹೆಜ್ಜೆ ದೂರದ ಎದುರು ಮನೆಯ ತಂತಿಯ ಮುಂದೆ ಸುಮಾರು ಐದು ಕೋಟಿ ಕಿಲೋಮೀಟರ್ ಎಂದು ಬರೆಯುವಾಗ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ನನಗೆ ಬೇಸರ ಬಂದಿಲ್ಲ. ಪ್ರತಿ ಗುಡ್ಡ ಏಳುವಾಗಲೂ ಈ ಸಲ ಎಷ್ಟು ಬೆಳೆದಿದೆಯೋ ಎಂದು ಚಿಕ್ಕ ಹುಡುಗಿಯ ಹಾಗೆ ಬಗ್ಗಿ ನೋಡುತ್ತೇನೆ. ನನ್ನ ಗುಣವೂ ಅದೇ, ನನ್ನ ದೋಷವೂ ಅದೇ.

ಆ ವರ್ಷ ಅಳತೆ ಶುರು ಮಾಡುವ ಹಿಂದಿನ ದಿನ ಯಂತ್ರದ ಬ್ಯಾಟರಿ ಬದಲಿಸಿದೆ. ನಾನೇ ಸ್ಕ್ರೂ ಬಿಚ್ಚಿ ನಾನೇ ಹಾಕಿದೆ, ಬೇರೆ ಯಾರ ತಪ್ಪೂ ಇಲ್ಲ. ಮಾರನೇ ಬೆಳಿಗ್ಗೆ ಮೊದಲು ಹೋದದ್ದು ಕೆರೆ ಏರಿಯ ಪಕ್ಕದ ಸುಗುಣಳ ಮನೆಗೆ. ಸುಗುಣ ಕನ್ನಡಕ ರಿಪೇರಿ ಮಾಡುತ್ತಾಳೆ, ನಲವತ್ತಾರು ವರ್ಷ, ಒಂಟಿ, ಕಣ್ಣಿಗಿಂತ ಕೈ ಚುರುಕು. ಅವಳ ಮನೆಯಿಂದ ಇರುವುದು ಒಂದೇ ತಂತಿ, ಗಾಣದ ಬೀದಿಯಲ್ಲಿರುವ ಅವಳ ಅಕ್ಕ ದಾಕ್ಷಾಯಿಣಮ್ಮನ ಮನೆಗೆ. ದಾಕ್ಷಾಯಿಣಮ್ಮನವರು ಹೊಲಿಗೆ ಕ್ಲಾಸ್ ನಡೆಸುತ್ತಾರೆ. ನನಗೂ ಹೊಲಿಗೆ ಕಲಿಸಿದವರು. ಅರುವತ್ತು ದಾಟಿದೆ, ಎಡಗಾಲಿನ ಮಂಡಿ ಹಿಡಿದುಕೊಂಡಿದೆ. ಹಿಂದಿನ ವರ್ಷ ಆ ತಂತಿ ಹದಿನೆಂಟು ನಿಮಿಷ ಇತ್ತು.

ಯಂತ್ರ ಸಿಕ್ಕಿಸಿ ಸಂಕೇತ ಬಿಟ್ಟೆ. "ಅಳತೆಯಕ್ಕ, ನಿಮ್ಮ ಕನ್ನಡಕದ ಕಾಲು ಅಲ್ಲಾಡ್ತಾ ಇದೆ, ಕೊಡಿ ಇಲ್ಲಿ" ಎಂದು ಸುಗುಣ ಅದನ್ನು ಕಿತ್ತುಕೊಂಡಳು. ಕನ್ನಡಕ ಇಲ್ಲದೆ ನನಗೆ ಗೋಡೆ ಗಡಿಯಾರವೂ ಒಂದೇ, ಗೋಡೆಯೂ ಒಂದೇ. ಅವಳು ಸ್ಕ್ರೂ ಹಾಕಿ, ಗಾಜು ತೊಳೆದು, ಮೂಗಿನ ಮೇಲೆ ಕೂರಿಸಿ ನೋಡಿ, ಮತ್ತೆ ಬಿಚ್ಚಿ ಬಾಗಿಸಿದಳು. ಮಾತಿಗೆ ಮಾತು, ಕಾಫಿಗೆ ಕಾಫಿ. ಕನ್ನಡಕ ಹಾಕಿಕೊಂಡು ಪರದೆ ನೋಡಿದರೆ ಗುಡ್ಡ ಎದ್ದಿದೆ, ಕೆಳಗೆ ಮೂವತ್ತೆಂಟು ನಿಮಿಷ ಎಂದಿದೆ. ಒಂದೇ ವರ್ಷದಲ್ಲಿ ಹದಿನೆಂಟು ಹೋಗಿ ಮೂವತ್ತೆಂಟು! ನಲವತ್ತೈದು ಕೋಟಿ ಕಿಲೋಮೀಟರ್! ಊರಿನ ಯಾವ ತಂತಿಯೂ ವರ್ಷಕ್ಕೆ ಒಂದೂವರೆ ನಿಮಿಷಕ್ಕಿಂತ ಹೆಚ್ಚು ಬೆಳೆದದ್ದಿಲ್ಲ. ನಾನು ಕುಣಿಯುವುದೊಂದು ಬಾಕಿ. ಆಗ ಗಡಿಯಾರ ನೋಡಿದ್ದರೆ ಸಾಕಿತ್ತು. ನಿಜಕ್ಕೂ ಮೂವತ್ತೆಂಟು ಆಗಿದ್ದರೆ ನಾನು ಒಂದೂಕಾಲು ಗಂಟೆ ಕಾದಿರಬೇಕಿತ್ತು. ನಾನು ಪುಟ್ಟ ಬ್ರಷ್ಷು ತೆಗೆದು ಖುಷಿಯಿಂದ ಹಲಗೆಯ ಮೇಲೆ ಮೂವತ್ತೆಂಟು ಬರೆದೆ.

ಮಧ್ಯಾಹ್ನ ದಾಕ್ಷಾಯಿಣಮ್ಮನ ಮನೆಯ ಹಲಗೆಯ ಮೇಲೂ ಅದನ್ನೇ ಬರೆದೆ. ಅವರು ಟೇಪನ್ನು ಕೊರಳಿಗೆ ಹಾಕಿಕೊಂಡು ಹೊರಗೆ ಬಂದು ನೋಡಿದರು. "ಮೂವತ್ತೆಂಟಾ? ಇದೇನೇ ಪದ್ಮಾಕ್ಷಿ, ತಂತಿ ಬಸುರೀನಾ?" ಎಂದು ನಕ್ಕರು. ಆಮೇಲೆ ಮಂಡಿ ನೀವಿಕೊಳ್ಳುತ್ತಾ, "ಒಳ್ಳೇದೇ ಆಯ್ತು ಬಿಡು. ನಾನು ಅವಳ ಮನೆಗೆ ನಡೆಯೋಕೆ ಇಪ್ಪತ್ತೇಳು ನಿಮಿಷ ಬೇಕು. ಮಂಡಿ ಹೋದ ಮೇಲೆ ಈ ಆರು ವರ್ಷ ಅವಳ ಹತ್ರ ನಾಲಿಗೆ ಹಲ್ಲಿನ ಮಧ್ಯೆ ಇಟ್ಕೊಂಡೇ ಮಾತಾಡಿದ್ದೀನಿ" ಎಂದರು. ನಾನೂ ನಕ್ಕೆ.

ಆ ದಿನ ಇನ್ನೆರಡು ತಂತಿ ಅಳೆದೆ. ಅವೂ ಎರಡರಷ್ಟು ಬಂದವು. ಆಗ ಅನುಮಾನ ಬರಬೇಕಿತ್ತು, ಬರಲಿಲ್ಲ. ಈ ವರ್ಷ ಮಣ್ಣಿಗೆ ಏನೋ ಆಗಿದೆ ಎಂದುಕೊಂಡು ರಾತ್ರಿಯೆಲ್ಲ ಅದನ್ನೇ ಯೋಚಿಸಿ ಸಂತೋಷಪಟ್ಟೆ. ಮಾರನೇ ದಿನ ಕಚೇರಿಯಲ್ಲಿ ಗೋಡೆಗೆ ನೇತುಹಾಕಿದ ಮುನ್ನೂರು ಮೀಟರ್ ಸುರುಳಿಗೆ ಯಂತ್ರ ಸಿಕ್ಕಿಸಿದೆ, ಬರೀ ಕುತೂಹಲಕ್ಕೆ. ಆರುನೂರು ತೋರಿಸಿತು. ನೇತುಹಾಕಿದ ಸುರುಳಿ ಬೆಳೆಯುವುದಿಲ್ಲ. ಒಳಗಿನ ಆಯ್ಕೆ ತೆರೆದು ನೋಡಿದರೆ, ಬ್ಯಾಟರಿ ತೆಗೆದಾಗ ಎಲ್ಲವನ್ನೂ ಮರೆತ ಯಂತ್ರ ತನ್ನ ಪಾಡಿಗೆ ತಾನು "ಎರಡು ದಾರಿ"ಯಲ್ಲಿ ಕೂತಿತ್ತು. ಬಣ್ಣದ ಡಬ್ಬಿ ಹಿಡಿದುಕೊಂಡು ಹೊರಟೆ. ಆ ಎರಡು ತಂತಿಗಳ ಹಲಗೆಗಳನ್ನು ಒರೆಸಿ ಸರಿ ಮಾಡಿದೆ. ಅಲ್ಲಿ ಯಾರೂ ಇನ್ನೂ ಫೋನ್ ಎತ್ತಿರಲಿಲ್ಲ, ನನ್ನನ್ನು ಒಂದಿಷ್ಟು ಆಡಿಕೊಂಡು ಬಿಟ್ಟರು. ಆಮೇಲೆ ಸುಗುಣಳ ಮನೆಗೆ ಬಂದೆ. ಹತ್ತೊಂಬತ್ತು ಎಂದು ಬರೆಯಲು ಬ್ರಷ್ಷು ಅದ್ದಿದೆ ಅಷ್ಟೆ, ಅವಳು ಬಂದು ನನ್ನ ಮುಂಗೈ ಹಿಡಿದಳು. "ಬೇಡ" ಎಂದಳು. "ಒಳಗೆ ಬನ್ನಿ."

ಒಳಗೆ ಕೂರಿಸಿ ಅವಳು ಹೇಳಿದ್ದು ಇಷ್ಟು. ನಾನು ಅಂಕಿ ಬರೆದು ಹೋದ ದಿನವೇ ಮಧ್ಯಾಹ್ನ ಅವಳು ಅಕ್ಕನಿಗೆ ಫೋನ್ ಮಾಡಿ, ಈ ಸಲ ಅಮ್ಮನ ತಿಥಿಗೆ ಬರೋಕಾಗುವುದಿಲ್ಲ, ಆ ದಿನ ಸ್ಕೂಲು ಮಕ್ಕಳ ಕನ್ನಡಕ ನೋಡಲು ಒಪ್ಪಿಕೊಂಡಿದ್ದೇನೆ ಎಂದಿದ್ದಳು. ಉತ್ತರಕ್ಕೆ ಒಂದು ಗಂಟೆಯ ಮೇಲೆ ಬೇಕು ಎಂದು ಒಂದು ಫ್ರೇಮಿಗೆ ಗಾಜು ಕೂರಿಸುತ್ತಿದ್ದಾಗ ಗಂಟೆ ಬಾರಿಸಿತು. ಇಷ್ಟು ಬೇಗ ಹೇಗೆ ಎಂದು ಎತ್ತಿದಳು. ಅಕ್ಕನ ದನಿ. "ಅಮ್ಮ ನಿನ್ನನ್ನ ಹೆತ್ತಿದ್ದರೆ ನೀನು ಬರ್ತಿದ್ದೆ ಕಣೇ. ಹೆತ್ತಿಲ್ಲ, ಅದಕ್ಕೇ ನಿನಗೆ ಸಂಕಟ ಇಲ್ಲ. ನೀನು ನಮ್ಮ ಮನೇಲಿ ಹುಟ್ಟಿದವಳಲ್ಲ." ಅಷ್ಟೇ ಇತ್ತು. ಸುಗುಣ ರಿಸೀವರ್ ಇಟ್ಟು ಫ್ರೇಮನ್ನು ಕೈಯಲ್ಲೇ ಹಿಡಿದುಕೊಂಡು ಕೂತಿದ್ದಳು. ಎಂಟು ನಿಮಿಷ ಕಳೆದಿರಬೇಕು, ಬಾಗಿಲಲ್ಲಿ ಅಕ್ಕ. ಸೀರೆಯ ನೆರಿಗೆ ಒಂದು ಕೈಯಲ್ಲಿ, ಮಂಡಿ ಇನ್ನೊಂದು ಕೈಯಲ್ಲಿ, ಮೈಯೆಲ್ಲ ಬೆವರು. "ನನ್ನದು ಬರ್ತಾ ಇದೆ" ಎಂದರು.

"ನಾನು ಎದ್ದು ಪಕ್ಕಕ್ಕೆ ಸರಿದೆ" ಎಂದಳು ಸುಗುಣ. "ಅಷ್ಟು ದೂರ ಆ ಕಾಲಲ್ಲಿ ಬಂದವಳಿಗೆ, ಆಗಲೇ ಬಂದಾಯ್ತು ಅಂತ ಹೇಗೆ ಹೇಳಲಿ? ಅವಳು ಫೋನಿನ ಮೇಲೆ ಕೈ ಒತ್ಕೊಂಡು ನಿಂತಳು. ಮೂವತ್ತೆಂಟು ಆಯ್ತು, ನಲವತ್ತಾಯ್ತು, ಐವತ್ತಾಯ್ತು. ಗಂಟೆ ಎಲ್ಲಿಂದ ಬಾರಿಸಬೇಕು? ಕೊನೆಗೆ, ಜಾಯಿಂಟಲ್ಲೆಲ್ಲೋ ಸತ್ತುಹೋಗಿರಬೇಕು ಬಿಡು, ಪೀಡೆ ಹೋಯ್ತು ಅಂದಳು. ನೀರು ಕೊಟ್ಟೆ, ಕುಡಿದಳು. ಎಷ್ಟು ನೆಮ್ಮದಿಯಿಂದ ಹೋದಳು ಗೊತ್ತಾ ಅಳತೆಯಕ್ಕ? ಕುಂಟುತ್ತಾ, ಹಾಡ್ಕೊಂಡು ಹೋದಳು."

ನನ್ನ ಅಂಕಿ ನಂಬಿಕೊಂಡು ಆ ಹೆಂಗಸು ಆರು ವರ್ಷ ಹಿಡಿದಿಟ್ಟ ನಾಲಿಗೆಯನ್ನು ಬಿಟ್ಟಿದ್ದರು. "ತಪ್ಪು ನನ್ನದು ಸುಗುಣ. ನಾನೇ ಹೋಗಿ ಅವರಿಗೆ ಹೇಳ್ತೀನಿ" ಎಂದೆ. "ಹೇಳಬಾರದು. ಹಲಗೆ ಮೇಲೆ ಮೂವತ್ತೆಂಟೇ ಇರಲಿ" ಎಂದಳು. ಅದು ಹೇಗಾಗುತ್ತದೆ, ನೀವಿಬ್ಬರೂ ಇನ್ನೊಂದು ಸಲ ಮಾತಾಡಿದರೆ ಉತ್ತರ ಬೇಗ ಬಂದು ಗುಟ್ಟು ರಟ್ಟಾಗುತ್ತದಲ್ಲ ಎಂದೆ. ಅದಕ್ಕೂ ಅವಳು ಲೆಕ್ಕ ಹಾಕಿಟ್ಟಿದ್ದಳು. ಅಕ್ಕನ ಮಾತು ಹತ್ತೊಂಬತ್ತು ನಿಮಿಷಕ್ಕೆ ಬರುತ್ತದೆ. ತಾನು ಮೂವತ್ತೆಂಟು ನಿಮಿಷ ಸುಮ್ಮನೆ ಕೂತು ಆಮೇಲೆ ಉತ್ತರ ಹೇಳಿದರೆ, ಅದು ಹೋಗಲು ಹತ್ತೊಂಬತ್ತು. ಒಟ್ಟು ಎಪ್ಪತ್ತಾರು, ಹಲಗೆಯ ಲೆಕ್ಕಕ್ಕೆ ಸರಿ. "ಪ್ರತಿ ಸಲವೂ?" ಎಂದೆ. "ಪ್ರತಿ ಸಲವೂ" ಎಂದಳು. ನಾನು ಒಪ್ಪಿಕೊಂಡೆ. ಅವಳ ದೊಡ್ಡ ಮನಸ್ಸಿಗೆ ಮಣಿದೆ ಎಂದು ಹೇಳಿಕೊಳ್ಳಬಹುದು, ಆದರೆ ಇಪ್ಪತ್ತೆರಡು ವರ್ಷದಲ್ಲಿ ಮಾಡಿದ ಒಂದೇ ತಪ್ಪು ಯಾರಿಗೂ ತಿಳಿಯದೆ ಮುಚ್ಚಿಹೋಗುತ್ತದಲ್ಲ ಎಂದು ಒಳಗೆ ಹಾಯೆನಿಸಿದ್ದೂ ನಿಜ. ಬ್ರಷ್ಷು ತೊಳೆದು ಡಬ್ಬಿ ಮುಚ್ಚಿಕೊಂಡು ಬಂದೆ.

ಎರಡು ವಾರ ಕಳೆಯಿತು. ಒಂದು ಬೆಳಿಗ್ಗೆ ದಾಕ್ಷಾಯಿಣಮ್ಮನ ಹೊಲಿಗೆ ಕ್ಲಾಸಿನ ಹೆಣ್ಣುಮಗಳೊಬ್ಬಳು ಕಚೇರಿಗೆ ಬಂದು, ಟೀಚರು ಅವರ ಕಡೆಯಿಂದಲೂ ತಂತಿ ಅಳೆಯಬೇಕಂತೆ ಎಂದಳು. ಯಾವ ತುದಿಯವರು ಕೇಳಿದರೂ ಮರುಅಳತೆ ಮಾಡಲೇಬೇಕು, ಅದು ನಿಯಮ. ದಾರಿಯಲ್ಲಿ ಸುಗುಣಳಿಗೆ ಹೇಳಿ ಆ ತುದಿ ಬಿಚ್ಚಿಡಿಸಿದೆ. ಅವಳು ಬಿಚ್ಚುತ್ತಾ ನನ್ನ ಮುಖ ನೋಡಿದಳು. ದಾಕ್ಷಾಯಿಣಮ್ಮನ ಗೇಟಿನ ಹತ್ತಿರ ನಿಂತು, ಆಚೀಚೆ ನೋಡಿ, ಯಂತ್ರವನ್ನು "ಎರಡು ದಾರಿ"ಗೆ ತಿರುಗಿಸಿದೆ. ಮೊದಲ ಸಲ ತಿಳಿಯದೆ ಮಾಡಿದ್ದನ್ನು ಎರಡನೇ ಸಲ ತಿಳಿದು ಮಾಡಿದೆ.

ಅವರು ಕ್ಲಾಸಿಗೆ ರಜೆ ಕೊಟ್ಟಿದ್ದರು. ಹೊಲಿಗೆ ಮೆಷಿನ್ನುಗಳೆಲ್ಲ ಮುಚ್ಚಿಕೊಂಡು ಕೂತಿದ್ದವು. ನಾನು ಕೇಬಲ್ ಸಿಕ್ಕಿಸಿ ಸಂಕೇತ ಬಿಟ್ಟೆ. ಅವರು ಗೋಡೆ ಗಡಿಯಾರದ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು. ಅವರ ಮನೆಯಲ್ಲಿ ಅಳತೆಗೆ ಕೂತರೆ ಮಾತು ನಿಲ್ಲುತ್ತಲೇ ಇರಲಿಲ್ಲ, ಆ ದಿನ ಕಾಫಿಯನ್ನೂ ಕೇಳಲಿಲ್ಲ. ಗುಡ್ಡ ಎದ್ದಿತು. "ನೋಡಿ, ಮೂವತ್ತೆಂಟು" ಎಂದು ಪರದೆ ತಿರುಗಿಸಿದೆ. ಅವರು ಪರದೆ ನೋಡಲಿಲ್ಲ, ಗಡಿಯಾರ ನೋಡಿದರು. "ಹೌದು, ಮೂವತ್ತೆಂಟಾಯ್ತು" ಎಂದರು. ನನಗೆ ಜೀವ ಬಂತು.

"ಒಂದು ಕೇಳ್ತೀನಿ ಪದ್ಮಾಕ್ಷಿ" ಎಂದರು ಅವರು. "ನೀನೇ ಹಿಂದೆ ನನಗೆ ಹೇಳ್ತಿದ್ದೆ, ಯಂತ್ರ ಬಿಟ್ಟದ್ದು ಆ ಕೊನೆಗೆ ಹೋಗಿ, ತಿರುಗಿ ಇಲ್ಲಿಗೆ ಬಂದರೇನೇ ನಿನಗೆ ಗುಡ್ಡ ಕಾಣೋದು ಅಂತ. ಹೋಗೋಕೆ ಮೂವತ್ತೆಂಟಾ, ಹೋಗಿ ಬರೋಕೆ ಮೂವತ್ತೆಂಟಾ?"

ನಾನು ಅವರಿಗಿಂತ ಮೂರು ತರಗತಿ ಜಾಸ್ತಿ ಓದಿದವಳು, ಕೈಯಲ್ಲಿ ಯಂತ್ರ ಇದ್ದವಳು. ನನಗೆ ಕಾಣದ್ದು ಹೊಲಿಗೆ ಟೀಚರಿಗೆ ಗಡಿಯಾರ ನೋಡಿ ಕಂಡಿತ್ತು. ಸುಮ್ಮನೆ ಯಂತ್ರದ ಗುಂಡಿ ಒತ್ತುತ್ತಾ, "ಯಾಕೆ ಕೇಳ್ತೀರಿ?" ಎಂದೆ.

"ತಿಥಿಗೆ ಬರಲ್ಲ ಅಂದವಳು ಬಂದಳು. ಬಂದು ಅಮ್ಮನ ಎಲೆಗೆ ಮೂರು ಸಲ ಅಡ್ಡಬಿದ್ದಳು. ಎಂದೂ ಇಲ್ಲದ್ದು. ಊಟಕ್ಕೆ ಕೂತು ನನ್ನ ಮುಖಾನೇ ನೋಡ್ತಾಳೆ, ನಾನು ತಿರುಗಿದರೆ ಸಾರಿನ ಕಡೆ ನೋಡ್ತಾಳೆ. ಅವಳಿಗೆ ಆ ಮಾತು ಮುಟ್ಟಿದೆಯೋ ಇಲ್ಲವೋ ನನಗೆ ತಿಳೀಬೇಕು." ಅವರು ಕೊರಳಿನ ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದರು. "ಮುಟ್ಟಿಲ್ಲ ಅಂದ್ರೆ ಸರಿ, ಮುಂದೆಂದೂ ನನ್ನ ಬಾಯಲ್ಲಿ ಅದು ಬರಲ್ಲ, ನನ್ನ ಜೊತೇನೇ ಮಣ್ಣಿಗೆ ಹೋಗುತ್ತೆ. ಮುಟ್ಟಿದ್ರೆ ಅರ್ಧ ಮಾತ್ರ ಮುಟ್ಟಿದೆ. ಹುಟ್ಟಿದವಳಲ್ಲ ಅನ್ನೋದಷ್ಟೇ ನಾನು ಹೇಳಿದ್ದು. ಹೇಗೆ ಬಂದಳು, ಯಾರು ತಂದರು ಅನ್ನೋ ಇನ್ನರ್ಧ ನನ್ನ ಹತ್ರ ಇದೆ. ಅಮ್ಮನೂ ಇಲ್ಲ. ಅದನ್ನ ಹೇಳಬಲ್ಲವಳು ಈಗ ನಾನೊಬ್ಬಳೇ. ಮುಟ್ಟಿದ್ರೂ ಮುಟ್ಟಿಲ್ಲ ಅಂತ ನೀನು ಹೇಳಿಬಿಟ್ಟರೆ, ಅವಳು ಆ ಅರ್ಧಾನೇ ಇಟ್ಕೊಂಡು ಬದುಕಬೇಕು. ನನಗೆ ಅದು ಬೇಡ. ಯೋಚನೆ ಮಾಡಿ ಹೇಳು."

ಯೋಚನೆ ಮಾಡಿದೆ. ಸುಗುಣಳಿಗೆ ಕೊಟ್ಟ ಮಾತು ನೆನಪಾಯಿತು. ಒಂದೊಂದು ಉತ್ತರಕ್ಕೂ ಮೂವತ್ತೆಂಟು ನಿಮಿಷ ಕೈ ಕಟ್ಟಿ ಕೂರುತ್ತೇನೆ ಎಂದಿದ್ದ ಅವಳ ಮುಖ ನೆನಪಾಯಿತು. ನಾನಾಗಿದ್ದರೆ ಹಾಗೆ ಕೂತು ಏನು ಮಾಡುತ್ತಿದ್ದೆ? ಒಂದು ತಂತಿ ಎಷ್ಟು ಬೆಳೆದಿದೆ ಎಂದು ತಿಳಿಯದಿದ್ದರೆ ರಾತ್ರಿ ನಿದ್ದೆ ಬಾರದ ನಾನು, ನನ್ನದೇ ಬುಡ ಎಲ್ಲಿದೆ ಎಂದು ತಿಳಿಯದೆ, ಕೇಳಲೂ ಆಗದೆ, ಹೇಗೆ ಕೂತಿರುತ್ತಿದ್ದೆ? ಅವಳು ಕೇಳುವಂತಿಲ್ಲ, ಏಕೆಂದರೆ ಅಕ್ಕನ ಲೆಕ್ಕದಲ್ಲಿ ಅವಳು ಆ ಮಾತು ಕೇಳಿಸಿಕೊಂಡೇ ಇಲ್ಲ. ಇದು ನನಗೆ ಎರಡು ವಾರದಲ್ಲಿ ಒಂದು ಸಲವೂ ಹೊಳೆದಿರಲಿಲ್ಲ. ನನಗೆ ನನ್ನ ಮೇಲೇ ನಾಚಿಕೆಯಾಯಿತು.

"ಹೋಗಿ ಬರೋಕೆ ಮೂವತ್ತೆಂಟು ಟೀಚರ್" ಎಂದೆ. "ಹೋಗೋಕೆ ಹತ್ತೊಂಬತ್ತು. ನೀವು ಬಾಗಿಲಿಗೆ ಬರೋ ಎಂಟು ನಿಮಿಷ ಮುಂಚೇನೇ ಅವಳು ಕೇಳಿಸ್ಕೊಂಡಾಗಿತ್ತು. ನಾನು ತಪ್ಪು ಬರೆದಿದ್ದೆ. ಇವತ್ತು ಬೇಕು ಅಂತಲೇ ತಪ್ಪು ತೋರಿಸಿದೆ."

ಅವರು ನನಗೆ ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಕಣ್ಣು ಮುಚ್ಚಿಕೊಂಡು, "ಅಯ್ಯೋ ಕೂಸೇ" ಎಂದರು. ನನಗಲ್ಲ. ಆಮೇಲೆ ಟೇಪನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟು, ಚಪ್ಪಲಿ ಹುಡುಕತೊಡಗಿದರು. ನಾನು ಕೇಬಲ್ ವಾಪಸು ಫೋನಿಗೆ ಸಿಕ್ಕಿಸಿ, "ತಡೀರಿ, ಫೋನ್ ಮಾಡಿ. ಇಷ್ಟು ದೊಡ್ಡ ಮಾತು ಎದುರಿಗೆ ಹೇಳೋದುಂಟಾ?" ಎಂದೆ. ಎಷ್ಟಾದರೂ ನಾನು ಈ ಊರಿನವಳು. ಅವರು ಬಾಗಿಲಲ್ಲಿ ತಿರುಗಿ, "ತಂತೀಲಿ ಹೇಳೋದು ಬೇಕಾದರೆ ತಡೀಬಹುದು ಅಂತ ತಾನೇ? ಇದನ್ನ ತಡಿಯೋದು ನನಗೆ ಬೇಕಾಗಿಲ್ಲ" ಎಂದು ಕಾಲೆಳೆದುಕೊಂಡು ಮೆಟ್ಟಿಲಿಳಿದರು. ಆಟೋ ಕರೆಯಲೇ ಎಂದೆ. ದಾರಿಯಲ್ಲಿ ಮಾತು ಜೋಡಿಸಿಕೊಳ್ಳಬೇಕು, ಬೇಡ ಎಂದರು.

ನಾನು ಅವರ ಹಲಗೆಯನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಹತ್ತೊಂಬತ್ತು ಬರೆದೆ. ಬಣ್ಣ ಆರುವ ತನಕ ಅಲ್ಲೇ ನಿಂತೆ. ಇನ್ನೊಂದು ತುದಿಯ ಹಲಗೆಯನ್ನೂ ಸರಿ ಮಾಡಬೇಕಲ್ಲ, ಹೋಗಲು ಹೆದರಿಕೆ. ಕೊನೆಗೆ ಒಂದು ಗಂಟೆ ಬಿಟ್ಟು ಹೋದೆ. ಸುಗುಣಳ ಮನೆಯ ಬಾಗಿಲು ಅರ್ಧ ಎಳೆದಿತ್ತು. ನಾನು ಸದ್ದು ಮಾಡದೆ ಜಗಲಿ ಹತ್ತಿ ಹಲಗೆ ಒರೆಸತೊಡಗಿದೆ. ಒಳಗಿನದನ್ನು ಕದ್ದು ಕೇಳಬಾರದು ಎಂದುಕೊಂಡೆ, ಕಿವಿ ಕೇಳಲಿಲ್ಲ.

"ಅಮ್ಮ ಬೇಡ ಅಂದಿದ್ರು" ಎನ್ನುತ್ತಿದ್ದರು ದಾಕ್ಷಾಯಿಣಮ್ಮ. "ಹೊಳೆ ದಾಟೋಕೆ ದೋಣಿಗೆ ಕಾಯ್ತಿದ್ವಿ. ನಿನ್ನನ್ನ ಎತ್ಕೊಂಡಿದ್ದ ಮುದುಕಿ, ಈ ಕೂಸನ್ನ ಸಾಕ್ಕೊಳ್ಳಿ ಅಂತ ಅಮ್ಮನ ಕಾಲಿಗೆ ಬಿದ್ದಳು. ಮನೇಲಿ ನಾನೊಬ್ಬಳಿಗೇ ಸರಿಯಾಗಿ ಅನ್ನ ಇಲ್ಲ, ಅಮ್ಮ ಮುಖ ತಿರುಗಿಸಿದ್ರು. ನಾನು ನಿನ್ನನ್ನ ಕೈಗೆ ತಗೊಂಡವಳು ಕೊಡಲೇ ಇಲ್ಲ. ದೋಣಿ ಬಂದರೂ ಹತ್ತಲಿಲ್ಲ. ಹದಿನಾಲ್ಕು ವರ್ಷ ನನಗೆ. ಇದನ್ನ ಬಿಟ್ಟು ಬಾ ಅಂದ್ರೆ ನಾನೂ ಇಲ್ಲೇ ಇರ್ತೀನಿ ಅಂದೆ." "ನನಗೆಷ್ಟು ತಿಂಗಳು?" "ತಿಂಗಳೆಲ್ಲಿ, ಇಪ್ಪತ್ತು ದಿನ ಇದ್ದೀತು." "ಅಳ್ತಿದ್ನಾ?" "ಇಲ್ಲ, ನನ್ನ ಬೆರಳು ಚೀಪ್ತಿದ್ದೆ." "ಯಾವ ಬೆರಳು?" "ಇದು." ಒಂದು ಪ್ರಶ್ನೆಯ ಬೆನ್ನಿಗೇ ಒಂದು ಉತ್ತರ, ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ. ನಮ್ಮೂರಲ್ಲಿ ಅಂಥ ದೊಡ್ಡ ಮಾತು ಅಷ್ಟು ಬೇಗ ಬೇಗ ನಡೆದದ್ದನ್ನು ನಾನು ಕೇಳಿಯೇ ಇರಲಿಲ್ಲ. ಹತ್ತೊಂಬತ್ತರ ಒಂಬತ್ತು ಸೊಟ್ಟಗಾಯಿತು, ಹಾಗೇ ಬಿಟ್ಟೆ.

ಬ್ರಷ್ಷಿನ ಸದ್ದಿಗೋ ಏನೋ ಸುಗುಣ ಹೊರಗೆ ಬಂದಳು. ಕಣ್ಣು ಊದಿಕೊಂಡಿದ್ದವು. ಹಲಗೆ ನೋಡಿದಳು, ನನ್ನನ್ನು ನೋಡಿದಳು. "ಕೊಟ್ಟ ಮಾತಿಗೆ ತಪ್ಪಿದ್ರಿ ಅಳತೆಯಕ್ಕ" ಎಂದಳು. "ತಪ್ಪಿದೆ" ಎಂದೆ. ಅವಳು ಬಾಗಿಲಿಗೆ ಒರಗಿ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಈ ಎರಡು ವಾರ ಆ ಮೂವತ್ತೆಂಟು ಮೂವತ್ತೆಂಟು ನಿಮಿಷ ಫೋನಿನ ಮುಂದೆ ಕೂತು ಏನು ಯೋಚಿಸ್ತಿದ್ದೆ ಗೊತ್ತಾ?" ಎಂದಳು. "ಹೆತ್ತೋರು ಯಾರು ಅಂತ ಅಲ್ಲ. ನಾನು ಈ ಮನೆಗೆ ಬಂದ ದಿನ ಮಳೆ ಇತ್ತೋ, ಬಿಸಿಲಿತ್ತೋ ಅಂತ. ಅದೊಂದೇ, ತಿರುಗಾ ಮುರುಗಾ ಅದೊಂದೇ—"

"ಬಿಸಿಲಿತ್ತು ಕಣೇ" ಎಂದರು ಒಳಗಿನಿಂದ ದಾಕ್ಷಾಯಿಣಮ್ಮ, ಅವಳ ಮಾತು ಮುಗಿಯುವ ಮೊದಲೇ. "ಸುಡು ಬಿಸಿಲು. ನನ್ನ ದಾವಣಿ ಬಿಚ್ಚಿ ನಿನ್ನ ತಲೆಗೆ ಹೊದಿಸಿದ್ದೆ. ಮನೆ ಮುಟ್ಟೋ ತನಕ ದಾರಿ ಉದ್ದಕ್ಕೂ ಅಮ್ಮನ ಕೈಲಿ ಬೈಸ್ಕೊಂಡೆ."